ಕೆಂಪು ಕೋಟಿಗೆ ಕಾಣದ ಗಾಜು

ಕತೆಗೆ ಮೊದಲು ಒಂದು ಗಾದೆ ಹೇಳಿ ಮಾತಿಗಿಳಿಯುವುದು ದೊಡ್ಡವರ ಕ್ರಮ. ನನ್ನ ಬಾಯಿಗೆ ಬಿದ್ದ ಗಾದೆ ಕೈ ಮುರಿದುಕೊಂಡೋ ಕಾಲು ಉಳುಕಿಸಿಕೊಂಡೋ ಹೊರಬರುತ್ತದೆ. ತಲೆ ಒಂದರದು, ಬಾಲ ಇನ್ನೊಂದರದು. ಹಾಗಾಗಿ ಅಕ್ಕ ಈ ಸಲ ಗಾದೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದು "ಮುಟ್ಟಬೇಡ" ಅಂದಿದ್ದಾಳೆ. ಉಳಿದದ್ದು ನಡೆದ ಕತೆ. ಇದರಲ್ಲಿ ಕೆಲಸಕ್ಕೆ ಬಂದ ಸುಳ್ಳು ಒಂದೇ ಒಂದು, ಅದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಾನು ಕೆಲಸ ಮಾಡುವುದು ಊರಿನ ವಸ್ತುಸಂಗ್ರಹಾಲಯದಲ್ಲಿ. ಮೊದಲು ಅದು ಅಗ್ನಿಶಾಮಕ ಠಾಣೆಯಾಗಿತ್ತು. ನೀರಿನ ಲಾರಿಗಳು ಒಟ್ಟಿಗೇ ಹೊರಗೆ ನುಗ್ಗಲೆಂದು ಬೀದಿಯ ಕಡೆಗೆ ಮೂರು ಭಾರಿ ಬಾಗಿಲುಗಳನ್ನಿಟ್ಟಿದ್ದರು. ಲಾರಿಗಳು ಹೋದಮೇಲೆ ಆ ಬಾಗಿಲುಗಳ ಜಾಗಕ್ಕೆ ನೆಲದಿಂದ ಸೂರಿನ ತನಕ ಗಾಜು ಬಂತು. ಒಳಗಿನದನ್ನು ನೋಡಲು ಬಂದವರು ಹೊರಗಿನದನ್ನು ನೋಡುತ್ತ ನಿಲ್ಲುವುದಕ್ಕೆ ಅಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಇಲ್ಲಿ ಕೆಲಸ ನಡೆಯುವ ವೇಗ ನೋಡಿ ನಾನು ಇದನ್ನು ವಸ್ತುಸಂಗ್ರಹಾಲಸ್ಯ ಎಂದು ಕರೆಯುತ್ತಿದ್ದೆ. ಮಾತು ನಿರ್ದೇಶಕರ ಕಿವಿಗೂ ಬಿತ್ತು. ಕರೆಸಿ, ಕನ್ನಡಕ ಹಣೆಗೇರಿಸಿ, "ಇದರ ಬಗ್ಗೆ ಆಮೇಲೆ ಮಾತಾಡೋಣ" ಅಂದರು. ಯಾವುದಕ್ಕೂ ಅವರದು ಅದೇ ಉತ್ತರ. ಅದಕ್ಕೇ ಕಟ್ಟಡದಲ್ಲಿ ಎಲ್ಲರಿಗೂ ಅವರು ಆಮೇಲೆ ಸಾರ್.

ನನ್ನ ಪಾಲಿಗೆ ಬಂದದ್ದು ದೀಪ ಮತ್ತು ಗಾಜು. ಯಾವ ವಸ್ತುವಿಗೆ ಯಾವ ಬಲ್ಬು, ಎಷ್ಟು ದೂರದಿಂದ, ಯಾವ ಓರೆಯಲ್ಲಿ, ಅದರ ಮುಂದೆ ಯಾವ ಗಾಜು, ಇಷ್ಟನ್ನು ಗೊತ್ತುಮಾಡುವುದು. ಇದನ್ನು ಕಾಲೇಜಿನಲ್ಲಿ ಓದಿದ್ದೇನೆ, ಆದರೆ ಪಾಠಕ್ಕಿಂತ ಪಾಠ ಹೇಳಿದವರ ದನಿಗಳೇ ನನಗೆ ಹೆಚ್ಚು ಬಾಯಿಪಾಠ. ಅಕ್ಕ ಅದೇ ಕಟ್ಟಡದ ಹಿಂಭಾಗದಲ್ಲಿ, ಹಿಂದೆ ನೀರಿನ ಪೈಪು ಒಣಗಿಸುತ್ತಿದ್ದ ಕೋಣೆಯಲ್ಲಿ, ಹಳೆಯ ಬಟ್ಟೆಗಳನ್ನು ಹಾಳಾಗದಂತೆ ಕಾಯುತ್ತಾಳೆ. ಅವಳು ಸಂರಕ್ಷಕಿ, ನಾನು ಸಂ-ರಾಕ್ಷಸ. ಅವಳ ಗಂಡ, ಅಂದರೆ ನನ್ನ ಭಾವ, ಪೇಟೆಯಲ್ಲಿ ಗಾಜಿನಂಗಡಿ ಇಟ್ಟವರು. ಮನೆ ಒಂದೇ, ಅವರಿಬ್ಬರು ಕೆಳಗೆ, ನಾನು ಮಹಡಿಯಲ್ಲಿ. ಊಟ ಕೆಳಗೆ, ಬೈಗುಳವೂ ಕೆಳಗೆ.

ಭಾವನ ಬಗ್ಗೆ ಎರಡು ವಿಷಯ ಮೊದಲೇ ಹೇಳಿಬಿಡಬೇಕು. ಒಂದು, ಊರಿನ ಅರ್ಧದಷ್ಟು ಕಿಟಕಿಗಳಿಗೆ ಗಾಜು ಕೊಯ್ದವರು ಅವರೇ, ಮತ್ತು ಆ ವಿಷಯವನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುವವರೂ ಅವರೇ. ಬೀದಿಯಲ್ಲಿ ಜೊತೆಗೆ ನಡೆದರೆ ಪ್ರತಿ ಮನೆಯೆದುರು ಅರೆಕ್ಷಣ ನಿಂತು ಕಿಟಕಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ಮೀಸೆ ನೋಡಿಕೊಳ್ಳುತ್ತಿದ್ದಾರೆ ಎಂದು ಜನ ತಿಳಿಯುತ್ತಾರೆ. ಅಲ್ಲ, ಅವರು ನೋಡುವುದು ಗಾಜನ್ನು. ಮುಖ ಸೊಟ್ಟ ಕಂಡರೆ ಗಾಜು ಬೇರೆ ಅಂಗಡಿಯದು. ಇನ್ನೊಂದು, ಅವರ ಬಲಗೈ ಹೆಬ್ಬೆರಳಿನ ಉಗುರು. ಹೊಸ ಗಾಜಿನ ಮೂಲೆಯಲ್ಲಿ ಕಂಪನಿಯ ಸ್ಟಿಕ್ಕರ್ ಇರುತ್ತದಲ್ಲ, ಅದನ್ನು ಹರಿಯದಂತೆ, ಅಂಟು ಉಳಿಯದಂತೆ ಒಂದೇ ಎಳೆತಕ್ಕೆ ಕೀಳುವುದಕ್ಕೆಂದೇ ಆ ಉಗುರನ್ನು ಸಾಕಿದ್ದಾರೆ. ಈಗ ಅದು ಚಟ. ಹೊಸ ಲೋಟ, ಹೊಸ ಚಪ್ಪಲಿ, ಯಾರದೋ ಮನೆಯ ಹೊಸ ಫ್ರಿಜ್ಜು, ಸ್ಟಿಕ್ಕರ್ ಎಲ್ಲಿ ಕಂಡರೂ ಮಾತು ಅರ್ಧಕ್ಕೆ ನಿಂತು ಹೆಬ್ಬೆರಳು ಮುಂದೆ ಹೋಗುತ್ತದೆ.

ಕತೆಗೆ ಬರೋಣ. ಅಗ್ನಿಶಾಮಕ ದಳಕ್ಕೆ ಒಂದು ಕಾಲದಲ್ಲಿ ಬ್ಯಾಂಡಿತ್ತು. ಆ ಬ್ಯಾಂಡಿನ ಮುಂದಾಳು ಹಾಕುತ್ತಿದ್ದ ಕೆಂಪು ಕೋಟು ಅವರ ಮಗಳ ಮನೆಯಲ್ಲಿತ್ತು. ಮಗಳಿಗೆ ಈಗ ವಯಸ್ಸಾಗಿದೆ. ದರ್ಜಿ ಕೆಲಸ ಮಾಡಿ ಬದುಕಿದವರು, ಬೀದಿಯವರಿಗೆಲ್ಲ ದರ್ಜಿ ಅಜ್ಜಿ. ಕೋಟು ಹೊಲಿದದ್ದು ಅವರ ತಾಯಿ. ಅಜ್ಜಿ ಅದನ್ನು ಮುಂದಿನ ಕೋಣೆಯಲ್ಲಿ ಕಿಟಕಿಯೆದುರಿನ ಮೊಳೆಗೆ ನೇತುಹಾಕಿದ್ದರು. ಅಕ್ಕ ಹೋಗಿ ನೋಡಿದಾಗ ಎದೆಯ ಭಾಗ ಬಿಸಿಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಜೇಬಿನ ಮುಚ್ಚಳ ಎತ್ತಿದರೆ ಮಾತ್ರ ಅದರಡಿಯಲ್ಲಿ ಆಗಷ್ಟೇ ಅದ್ದಿ ತೆಗೆದಂಥ ಕೆಂಪು. ಅಕ್ಕ ಆ ಮುಚ್ಚಳವನ್ನು ಮೆಲ್ಲನೆ ಇಳಿಸಿ, "ಅಜ್ಜಿ, ಇದನ್ನ ನಮಗೆ ಕೊಡಿ" ಅಂದಳಂತೆ.

ಅಜ್ಜಿ ಕೊಟ್ಟರು, ಆದರೆ ಒಂದು ಕರಾರಿನ ಮೇಲೆ. ಕೋಟಿನ ಎರಡು ಭುಜಪಟ್ಟಿಗಳ ಮೇಲೆ ಹಳದಿ ರೇಷ್ಮೆ ದಾರದ ಕಸೂತಿಯಿದೆ. ಎಲ್ಲ ಹೊಲಿಗೆಗಳೂ ಬಲಕ್ಕೆ ಓರೆ. ಎಡಪಟ್ಟಿಯಲ್ಲಿ ಒಂದೇ ಒಂದು ಸಾಲು ಮಾತ್ರ ಎಡಕ್ಕೆ ಓರೆ. ಆ ಸಾಲು ಅಜ್ಜಿಯದು. ತಾಯಿಯ ಮಡಿಲಲ್ಲಿ ಕೂತು, ಕಾಡಿ ಬೇಡಿ, ಹಾಕಿದ್ದು. ಅಜ್ಜಿ ಎಡಚಿ.

"ಬ್ಯಾಂಡು ಬೀದೀಲಿ ಹೋಗೋವಾಗ ಎಲ್ರೂ ಅಪ್ಪನ್ನ ನೋಡ್ತಿದ್ರು. ನಾನು ನನ್ನ ಸಾಲು ಹೋಗೋದನ್ನ ನೋಡ್ತಿದ್ದೆ" ಎಂದರು. "ನಿಮ್ಮ ಗಾಜಿನಾಚೆ ಇಟ್ಟ ಮೇಲೂ ಅದು ನಂಗೆ ಕಾಣಬೇಕು. ಕಂಡ್ರೆ ಕೋಟು ನಿಮ್ದು. ಕಾಣ್ಲಿಲ್ಲ ಅಂದ್ರೆ ವಾಪಸ್ ತಗೊಂಡ್ಹೋಗಿ ನನ್ನ ಮೊಳೆಗೇ ಹಾಕ್ಕೋತೀನಿ."

ಮೊಳೆ ಎಂದರೆ ಕಿಟಕಿಯ ಬಿಸಿಲು. ಅಕ್ಕನಿಗೆ ರಾತ್ರಿ ಊಟ ಸೇರದೇ ಹೋದದ್ದು ಆ ಮೊಳೆಯಿಂದ. ಪಟ್ಟಿಗಳ ದಾರ ಸಡಿಲಾಗಿತ್ತು, ಅವನ್ನು ಬೇರೆಯಾಗಿ ಬಿಡಿಸಿಟ್ಟು ದುರಸ್ತಿಗೆ ಕೂತಳು. ಒಂದೊಂದು ಎಳೆಯನ್ನೂ ಕೂದಲಿಗಿಂತ ತೆಳುವಾದ ರೇಷ್ಮೆಯಿಂದ ಹಿಡಿದು ಕಟ್ಟುವ ಕೆಲಸ. ನನಗೆ ಕೊಟ್ಟ ಅಪ್ಪಣೆ ಚಿಕ್ಕದು: ಬೆಳಕು ಐವತ್ತು ಲಕ್ಸ್ ದಾಟಬಾರದು. ಅದು ಸಂಜೆ ದೀಪ ಹಚ್ಚುವ ಮೊದಲು ಮನೆಯೊಳಗೆ ಇರುವಷ್ಟು ಬೆಳಕು. ಬಟ್ಟೆಗೆ ಸಾಕು, ಅಜ್ಜಿಯ ಕಣ್ಣಿಗೆ ಸಾಲದು. ಪೇಚು ಇದ್ದದ್ದು ಅಲ್ಲೇ.

ಮೊದಲ ಸಲ ಅಜ್ಜಿಯನ್ನು ಕರೆಸಿದಾಗ ನಾನು ಮಾಡಿದ್ದೆಲ್ಲ ತಪ್ಪೇ. ಕೋಟನ್ನು ಮುಂದಿನ ಸಭಾಂಗಣದ ಶೋಕೇಸಿನಲ್ಲಿ ನಿಲ್ಲಿಸಿ, ಭುಜಪಟ್ಟಿಗಳನ್ನು ಕೆಳಗೊಂದು ಹಲಗೆಯ ಮೇಲಿಟ್ಟು, ಮೇಲಿನಿಂದ ನೇರವಾಗಿ ಬೆಳಕು ಬಿಟ್ಟು, ಭಾವನ ಅಂಗಡಿಯ ಸಾಮಾನ್ಯ ಗಾಜು ಹಾಕಿಸಿದ್ದೆ. ಅಜ್ಜಿ ಬಿಸಿಲಿನಿಂದ ನೇರ ಒಳಬಂದು, ಕಣ್ಣು ಕಿರಿದು ಮಾಡಿ, ಗಾಜಿಗೆ ಮೂಗು ತಾಗಿಸಿ ನಿಂತರು.

"ಏನು ಕಾಣ್ತಿದೆ ಅಜ್ಜಿ?" ಎಂದೆ.

"ಒಬ್ಬಳು ಮುದುಕಿ ಕಾಣ್ತಿದಾಳೆ. ಅವಳ ಹಿಂದೆ ಬಸ್ಸು ಹೋಗ್ತಿದೆ. ಅಪ್ಪನ ಕೋಟಿನ ಮೇಲೆ ಬಸ್ಸು ಹತ್ತಿಸಿದ್ದೀರಲ್ಲಪ್ಪ ನೀವು."

ಆಮೇಲೆ ಸಾರ್ ತಕ್ಷಣ ದೀಪ ಜಾಸ್ತಿ ಮಾಡಿ ಎಂದರು. ಈ ವಿಷಯದಲ್ಲಿ ಮಾತ್ರ ಅವರಿಗೆ ಆಮೇಲೆ ಇರಲಿಲ್ಲ. ನಾನು ಏರಿಸಿದೆ. ಈಗ ಬಸ್ಸಿನ ಜೊತೆ ಬಲ್ಬುಗಳೂ ಗಾಜಿನಲ್ಲಿ ಸಾಲಾಗಿ ಕಾಣಿಸಿದವು. ಸಾರ್ ಎಲ್ಲೋ ಓದಿದ್ದನ್ನು ನೆನಪಿಸಿಕೊಂಡು, ಬಿಸಿಲಿನ ಕೆಟ್ಟ ಕಿರಣ ತಡೆಯುವ ಗಾಜೊಂದು ಸಿಗುತ್ತದಂತೆ, ಅದನ್ನು ಹಾಕಿದರೆ ಎಷ್ಟು ಬೆಳಕಾದರೂ ಬಿಡಬಹುದಲ್ಲ ಎಂದು ಕೇಳಿದರು. ಅಕ್ಕ ಅವರಿಗೆ ಬಿಡಿಸಿ ಹೇಳಿದಳು: ಕಾಣದ ಕಿರಣವನ್ನು ಗಾಜು ತಡೆದೀತು, ಆದರೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ನಿಧಾನವಾಗಿ ತಿನ್ನುತ್ತದೆ ಅಷ್ಟೇ, ತಿಂದದ್ದನ್ನು ವಾಪಸು ಕೊಡುವುದಿಲ್ಲ. ಹೇಳಿ ಮುಗಿಸಿ ಸ್ವಿಚ್ಚನ್ನೇ ಆರಿಸಿದಳು. ಅಜ್ಜಿ ತಮ್ಮ ಕೈಚೀಲ ಹುಡುಕಿಕೊಳ್ಳುತ್ತ, ಇನ್ನೊಂದು ಸಲ ಬಂದು ನೋಡುತ್ತೇನೆ, ಅವತ್ತೂ ಹೀಗೇ ಆದರೆ ಕೋಟನ್ನು ಮಡಚಿ ಕೊಟ್ಟುಬಿಡಿ ಎಂದು ಹೇಳಿ ಹೋದರು.

ದೀಪದ ಕೆಲಸ ಕೂತು ಮಾಡಿದರೆ ಆಗುವಂಥದ್ದು, ಆಯಿತು. ಮುಂದಿನ ಸಭಾಂಗಣ ಬಿಟ್ಟು ಕೋಟಿಗೆ ಒಳಗಿನ ಕಿಟಕಿಯಿಲ್ಲದ ಕೋಣೆ ಆರಿಸಿದೆ. ಅಲ್ಲಿಗೆ ಹೋಗುವ ಓಣಿಗೆ ದಪ್ಪ ಪರದೆ ಕಟ್ಟಿಸಿದೆ. ಇದು ಪ್ರದರ್ಶನವೋ ಪರದೆದರ್ಶನವೋ ಎಂದು ನಾನೇ ನಕ್ಕೆ, ಪಕ್ಕದಲ್ಲಿ ನಗುವವರು ಯಾರೂ ಇರಲಿಲ್ಲ. ಬಲ್ಬುಗಳನ್ನು ಒಂದೊಂದಾಗಿ ಕೆಂಪು ಬಟ್ಟೆಯ ಮೇಲೆ ಹಿಡಿದು ನೋಡಿದೆ. ಒಂದರ ಕೆಳಗೆ ಕೆಂಪು ಕಂದಾಯಿತು, ಇನ್ನೊಂದರ ಕೆಳಗೆ ಬದನೆಕಾಯಿ ಬಣ್ಣಕ್ಕೆ ಹೋಯಿತು. ಕೊನೆಗೆ ಕೆಂಪನ್ನು ಕೆಂಪಾಗಿಯೇ ತೋರಿಸುವ ಎಲ್‌ಇಡಿ ಸಿಕ್ಕಿತು. ಅದನ್ನು ಮೇಲಿನಿಂದ ಇಳಿಸಿ ಪಕ್ಕದಲ್ಲಿ, ಬಟ್ಟೆಯ ಮೇಲೆ ಸವರಿಕೊಂಡು ಹೋಗುವ ಹಾಗೆ ಇಟ್ಟೆ. ಆಗ ಪ್ರತಿ ಹೊಲಿಗೆಗೂ ಒಂದು ಎಳೆ ನೆರಳು ಹುಟ್ಟಿತು. ಬಲಕ್ಕೆ ವಾಲಿದ್ದು ಬಲಕ್ಕೆ, ಎಡಕ್ಕೆ ವಾಲಿದ್ದು ಎಡಕ್ಕೆ. ಬೆಳಕಿನ ಮೀಟರ್ ಹಿಡಿದು ನೋಡಿದ ಅಕ್ಕ ಏನೂ ಅನ್ನಲಿಲ್ಲ, ಅಂದರೆ ಪಾಸು.

ಗಾಜಿನ ಗೋಜು ಉಳಿಯಿತು. ಪ್ಲಾಸ್ಟಿಕ್ ಹಾಳೆ ಆಗುವುದಿಲ್ಲ. ಒರೆಸಿದರೆ ಅದಕ್ಕೆ ಸೆಳೆತ ಹುಟ್ಟಿ ಸಡಿಲ ದಾರವನ್ನೆಲ್ಲ ಎಳೆದುಕೊಳ್ಳುತ್ತದೆ. ಬೇಕಾದದ್ದು ಎರಡು ಪದರ ಅಂಟಿಸಿದ, ಒಡೆದರೂ ಚೂರು ಬೀಳದ, ಮೇಲೆ ಲೇಪವಿರುವ ಗಾಜು. ಆ ಲೇಪದಿಂದ ಎದುರಿನದು ಅದರಲ್ಲಿ ಮೂಡುವುದಿಲ್ಲ. ದೂರದ ಕಂಪನಿಯೊಂದು ನಮೂನೆಗೆಂದು ಊಟದ ತಟ್ಟೆಯಷ್ಟಗಲದ ಒಂದು ತುಂಡು ಕಳಿಸಿತು. ಆಮೇಲೆ ಸಾರ್ ಅದನ್ನು ನೋಡಲೂ ಇಲ್ಲ. "ಗಾಜಿನ ವಿಷಯ ನಮ್ಮ ಗಾಜಿನವರು ಹೂಂ ಅಂದ್ರೆ ನಾನೂ ಹೂಂ" ಎಂದರು. ನಾನು ಈ ಕಟ್ಟಡಕ್ಕೆ ಕಾಲಿಡುವ ಎಷ್ಟೋ ಮುಂಚಿನಿಂದ ಇಲ್ಲಿನ ಗಾಜೆಲ್ಲ ಭಾವನದೇ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಭಾವ ಹೊಸ ಸ್ಟೀಲು ಡಬ್ಬಿಯ ತಳದ ಸ್ಟಿಕ್ಕರ್ ಕೀಳುತ್ತಿದ್ದರು.

"ಕಾಣದ ಗಾಜು ಅಂದ್ರೆ ಇಲ್ಲದ ಗಾಜು" ಎಂದರು. "ಯಾರೋ ನಿನ್ನ ಟೋಪಿ ಅಳತೆ ತಗೊಂಡಿದಾರೆ ಕಣೋ."

ನಮೂನೆ ಅಂಗಡಿಗೆ ತರುತ್ತೇನೆ, ನೀವೇ ನೋಡಿ ಎಂದೆ. ಅವರು ಬೇಡವೇ ಬೇಡ ಎಂದು ಕೈಯಾಡಿಸಿದರು. ಅದಕ್ಕೆ ಕಾರಣವಿತ್ತು. ಒಮ್ಮೆ ನಾನು ಆಮೇಲೆ ಸಾರ್ ದನಿಯಲ್ಲಿ ಅಂಗಡಿಗೆ ಫೋನು ಮಾಡಿ, ಗೋಪುರದ ಕಿಟಕಿಗಳಿಗೆ ಗುಂಡನೆ ಗಾಜು ಬೇಕು ಎಂದಿದ್ದೆ. ನಮ್ಮ ಕಟ್ಟಡಕ್ಕೆ ಗೋಪುರವೇ ಇಲ್ಲ ಎಂದು ಅವರಿಗೆ ನೆನಪಾಗುವಷ್ಟರಲ್ಲಿ ಒಂದು ಗಾಜು ಗುಂಡಗಾಗಿತ್ತು. ಅದು ಈಗಲೂ ನಮ್ಮ ಊಟದ ಮೇಜಿನ ಮೇಲಿದೆ. ಅವತ್ತಿನಿಂದ ಅವರ ಮಾತು ಒಂದೇ: "ನೀನು ನಮಸ್ಕಾರ ಅಂದ್ರೂ ನಿಮ್ಮಕ್ಕನ್ನ ಕೇಳ್ಕೊಂಡೇ ನಾನು ತಿರುಗಿ ನಮಸ್ಕಾರ ಅನ್ನೋದು."

"ಹಾಗಾದ್ರೆ ಪರೀಕ್ಷೆ ಅಕ್ಕನೇ ಮಾಡ್ಲಿ" ಎಂದೆ. "ಎರಡು ಪೆಟ್ಟಿಗೆ. ಒಂದಕ್ಕೆ ಗಾಜು, ಒಂದಕ್ಕೆ ಇಲ್ಲ. ಯಾವುದಕ್ಕೆ ಅಂತ ನೀವು ಹೇಳಿ."

ಭಾವ ಸ್ಟಿಕ್ಕರನ್ನು ಅಂಗೈಯಲ್ಲಿ ಉಂಡೆ ಮಾಡಿದರು. "ನನ್ನ ಮುಂದೆ ಗಾಜಿದ್ದು, ಅಲ್ಲೇನೂ ಇಲ್ಲ ಅಂತ ನಾನೇನಾದ್ರೂ ಅಂದ್ರೆ, ಅದೇ ಗಾಜನ್ನ ನಾನೇ ತರಿಸಿ, ನಾನೇ ಹೊತ್ತು, ನಾನೇ ಕೂರಿಸ್ತೀನಿ. ಆಳು ಬಿಟ್ಟು ಮಾಡ್ಸಲ್ಲ. ಏನೇ, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ರೀ" ಎಂದಳು ಅಕ್ಕ, ಪಾತ್ರೆ ಎತ್ತುತ್ತ.

ನೇರವಾಗಿ ಮಾಡಿದ್ದರೂ ಪರೀಕ್ಷೆ ನಡೆಯುತ್ತಿತ್ತೇನೋ. ಆದರೆ ನನಗೆ ಆ ಗಾಜಿನ ಬಗ್ಗೆ ಒಂದು ಅಳುಕಿತ್ತು. ಬಿಳಿ ಅಂಗಿ ತೊಟ್ಟು ಹತ್ತಿರ ನಿಂತರೆ ಲೇಪದಲ್ಲಿ ನೇರಳೆಯ ಒಂದು ಛಾಯೆ ಹಾದುಹೋಗುತ್ತದೆ. ಬೇರೆಯವರಿಗೆ ಅದು ಲೆಕ್ಕಕ್ಕಿಲ್ಲ. ಭಾವನ ಕಣ್ಣಿಗೆ ಅಷ್ಟು ಸಾಕು. ಅವರ ಕಣ್ಣು ಬೇರೆ ಕಡೆಗೆ ಹೋಗಬೇಕು, ಹೋಗಿ ಅಲ್ಲೇ ಕೂರಬೇಕು. ಇನ್ನು ನಿಜ ಹೇಳುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದೇನಲ್ಲ: ಅಳುಕು ಇಲ್ಲದಿದ್ದರೂ ನಾನು ಮಾಡುತ್ತಿದ್ದದ್ದು ಇದನ್ನೇ.

ಬೆಳಿಗ್ಗೆ ಅಕ್ಕನ ಕೋಣೆಗೆ ಹೋಗಿ, ನಿನ್ನ ಆ ಕಾಣದ ರೇಷ್ಮೆ ದಾರ ಒಂದು ಮಾರು ಬೇಕಿತ್ತು ಎಂದೆ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಯಾಕೆ ಅಂತ ನಂಗೆ ಹೇಳ್ಬೇಡ. ಹೇಳಿದ್ರೆ ಅವ್ರು ಕೇಳಿದಾಗ ನಾನು ಹೇಳ್ಬೇಕಾಗುತ್ತೆ. ದಾರ ಮೇಜಿನ ಮೇಲಿದೆ" ಎಂದಳು. ನಾನು ಬಾಗಿಲು ದಾಟುವಾಗ ಹಿಂದಿನಿಂದ, "ಮೇಲೂ ಕೆಳಗೂ ಎರಡೂ ಕಡೆ ಕಟ್ಟು. ಒಂದೇ ಕಡೆ ಕಟ್ಟಿದ್ರೆ ಗಾಳಿಗೆ ಆಡುತ್ತೆ" ಎಂದು ಸೇರಿಸಿದಳು.

ಒಂದೇ ಅಳತೆಯ ಎರಡು ಮರದ ಪೆಟ್ಟಿಗೆ ತಂದೆ. ತೋಳು ಹೊಗಿಸಿದರೂ ಹಿಂಬದಿ ಸಿಗದಷ್ಟು ಆಳ, ಒಳಗೆಲ್ಲ ಕಪ್ಪು ಬಟ್ಟೆ, ಮುಂದೆ ಒಂದೇ ಥರದ ಚೌಕಟ್ಟು. ಎಡಗಡೆಯದಕ್ಕೆ ನಮೂನೆಯ ಗಾಜು ಕೂರಿಸಿದೆ. ಅದರ ಮೂಲೆಯಲ್ಲಿದ್ದ ಕಂಪನಿಯ ಸ್ಟಿಕ್ಕರನ್ನು ಮೆಲ್ಲಗೆ ಬಿಡಿಸಿದೆ; ಭಾವನ ಉಗುರು ಎಷ್ಟು ಬೆಲೆಬಾಳುವಂಥದ್ದು ಎಂದು ನನಗೆ ತಿಳಿದದ್ದು ಆಗಲೇ. ಬಲಗಡೆಯ ಪೆಟ್ಟಿಗೆಗೆ ಗಾಜೇ ಇಲ್ಲ. ಅದರ ಚೌಕಟ್ಟಿನ ಮೇಲಿಂದ ಕೆಳಗೆ, ಬಲಮೂಲೆಗೆ ಹತ್ತಿರ, ರೇಷ್ಮೆ ದಾರವನ್ನು ಬಿಗಿದು, ಅದರ ಕೆಳತುದಿಗೆ ತುಸು ಮೇಲೆ ಸ್ಟಿಕ್ಕರನ್ನು ಅಂಟಿಸಿದೆ. ದೂರ ಸರಿದು ನೋಡಿದೆ. ಬರೀ ಗಾಳಿಯ ಮೇಲೆ ಕಂಪನಿಯ ಮೊಹರು ಬಿದ್ದಿತ್ತು.

ಅಕ್ಕ ತನ್ನ ಕೈಯಿಂದಲೇ ಎರಡು ಭುಜಪಟ್ಟಿಗಳನ್ನು ತಂದು ಒಳಗಿಟ್ಟಳು: ಅಜ್ಜಿಯ ಸಾಲಿರುವ ಎಡಪಟ್ಟಿ ಗಾಜಿನ ಪೆಟ್ಟಿಗೆಗೆ, ಬಲಪಟ್ಟಿ ಇನ್ನೊಂದಕ್ಕೆ, ಕೈಗೆಟುಕದ ಹಾಗೆ ಹಿಂದಕ್ಕೆ. ಬೆಳಕು ಎರಡಕ್ಕೂ ಒಂದೇ. ಅವಳು ಸ್ಟಿಕ್ಕರನ್ನು ನೋಡಿದಳು, ನನ್ನನ್ನು ನೋಡಿದಳು, ಮೀಟರ್ ಹಿಡಿದು ಬೆಳಕು ಅಳೆದಳು. ಐವತ್ತಕ್ಕೂ ಒಂದೆರಡು ಕಡಿಮೆಯೇ ಇತ್ತು.

ಅಜ್ಜಿ ಬಂದರು. ಬರುವಾಗಲೇ ಕೋಟು ಸುತ್ತಿಕೊಂಡು ಹೋಗಲು ಒಂದು ಹಳೆಯ ಹೊದಿಕೆ ಮಡಚಿ ತಂದಿದ್ದರು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಅವರ ಕೈ ಹಿಡಿದು ಓಣಿಯ ಬೆಂಚಿನ ಮೇಲೆ ಕೂರಿಸಿದಳು. ಪಕ್ಕದಲ್ಲಿ ಆಮೇಲೆ ಸಾರ್, ಅವರ ಪಕ್ಕ ಭಾವ. ಹೊರಗಿನ ಬಿಸಿಲು ಕಣ್ಣಿಂದ ಇಳಿಯುವ ತನಕ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಅಕ್ಕ ಪರದೆಗೆ ಅಡ್ಡ ನಿಂತಳು. ಮಬ್ಬಿನಲ್ಲಿ ಸುಮ್ಮನೆ ಕೂರುವುದು ದೊಡ್ಡವರಿಗೆ ಕಷ್ಟ. ಭಾವ ಕಾಲು ಕುಣಿಸಲು ಶುರುಮಾಡಿದರು. ಹಾಗಾಗಿ ನಾನು ನನಗೆ ಬರುವ ಕೆಲಸ ಮಾಡಿದೆ. ಮೊದಲು ಹಳೆಯ ಬೆಂಕಿಲಾರಿಯ ಗಂಟೆ ಬಾರಿಸಿದೆ, ಬಾಯಲ್ಲೇ. ಅಜ್ಜಿ ಬ್ಯಾಂಡಿನ ದೊಡ್ಡ ಡೋಲು ಹೇಗಿತ್ತೆಂದು ತೊಡೆ ತಟ್ಟಿ ತೋರಿಸಿದರು, ಅದನ್ನೂ ಸೇರಿಸಿಕೊಂಡೆ. ಆಮೇಲೆ, ಅದೇ ಲಹರಿಯಲ್ಲಿ, ಊರಿಗೆ ಬೆಂಕಿ ಬಿದ್ದಿದೆ ಎಂದು ಓಡಿಬಂದವನಿಗೆ ಒಬ್ಬ ಅಧಿಕಾರಿ ಕನ್ನಡಕ ಹಣೆಗೇರಿಸಿ ಉತ್ತರ ಕೊಡುವುದನ್ನು ಮಾಡಿದೆ: "ಬೆಂಕಿ ಅಂದ್ರಾ... ಸರಿ... ಇದರ ಬಗ್ಗೆ ಆಮೇಲೆ ಮಾತಾಡೋಣ."

ಅಜ್ಜಿ ಸೆರಗು ಬಾಯಿಗೊತ್ತಿಕೊಂಡರು. ಆಮೇಲೆ ಸಾರ್ ಕೂಡ ಮನಸಾರೆ ನಕ್ಕು, ಇಂಥವರನ್ನು ನಾನೂ ಎಷ್ಟೋ ಜನರನ್ನು ನೋಡಿದ್ದೇನೆ, ಇದು ಯಾವ ಆಫೀಸಿನವರದು ಎಂದು ಕೇಳಿದರು. ನಾನು ನೆನಪಿಲ್ಲ ಎಂದೆ.

ಅಷ್ಟರಲ್ಲಿ ಕಣ್ಣು ಹದಕ್ಕೆ ಬಂದಿತ್ತು. ಅಕ್ಕ ಪರದೆ ಸರಿಸಿದಳು. ಕೋಣೆ ಕತ್ತಲೆ ಅನ್ನಿಸಲಿಲ್ಲ. ಪೆಟ್ಟಿಗೆಗಳೊಳಗೆ ಎರಡು ತುಂಡು ಕೆಂಪು, ಮೇಲೆ ಹಳದಿ. ಒಂದು ಹೆಜ್ಜೆ ದೂರದಲ್ಲಿ ಹಗ್ಗ ಕಟ್ಟಿದ್ದೆ. ಅಜ್ಜಿಗೆ ಕುರ್ಚಿ ಕೊಟ್ಟು, ಮೊದಲು ನಮ್ಮ ಗಾಜಿನವರ ಪರೀಕ್ಷೆ ಎಂದೆವು.

"ನೀನೇ ಹೇಳೇ" ಎಂದು ಭಾವ ಅಕ್ಕನ ಕಡೆ ತಿರುಗಿದರು. "ಇವನ ಮಾತು ನಂಗೆ ಬೇಡ."

"ಎರಡು ಪೆಟ್ಟಿಗೆ ಇದೆ ರೀ. ಒಂದಕ್ಕೆ ಗಾಜಿದೆ, ಒಂದಕ್ಕಿಲ್ಲ. ಮುಟ್ಟದೆ ಹೇಳ್ಬೇಕು."

ಭಾವ ಹಗ್ಗದ ಗುಂಟ ಹೋದರು, ಬಂದರು. ಕತ್ತು ಓರೆ ಮಾಡಿದರು. ಎಡಪೆಟ್ಟಿಗೆಯೆದುರು ನಿಂತು ಅಭ್ಯಾಸಬಲದಿಂದ ತಮ್ಮ ಮುಖ ಹುಡುಕಿದರು, ಸಿಗಲಿಲ್ಲ. ಬಲಪೆಟ್ಟಿಗೆಯೆದುರು ನಿಂತರು, ಅಲ್ಲೂ ಸಿಗಲಿಲ್ಲ. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ಕಂಡೆ. ನನ್ನ ಎದೆ ಬೆಂಕಿಲಾರಿಯ ಗಂಟೆಯಾಗಿತ್ತು. ಆಗ ಅವರ ದೃಷ್ಟಿ ಬಲಪೆಟ್ಟಿಗೆಯ ಮೂಲೆಗೆ ಹೋಯಿತು. ಹುಬ್ಬು ಸಡಿಲಾಯಿತು. ಮುಖದಲ್ಲಿ ಹಳೆಯ ಗಿರಾಕಿ ಅಂಗಡಿ ಮೆಟ್ಟಿಲು ಹತ್ತಿದಾಗ ಬರುವ ಕಳೆ.

"ಇದಕ್ಕೆ ಗಾಜಿದೆ" ಎಂದು ಬಲಗಡೆ ತೋರಿಸಿದರು. ಗಂಟಲು ಸರಿಮಾಡಿಕೊಂಡು ಸಾರ್ ಕಡೆ ನೋಡಿ ವಿವರಿಸಿದರು: ಸೂಕ್ಷ್ಮವಾಗಿ ನೋಡಿದರೆ ಇದರೊಳಗಿನ ಕೆಂಪು ಚೂರು ಮಂಕು, ಒಂದು ಎಳೆ ಹಸಿರು ಕಲೆತ ಹಾಗಿದೆ, ಗಾಜೆಂದರೆ ಅದು ಇದ್ದೇ ಇರುತ್ತದೆ, ಕಂಪನಿಯವರು ಏನೇ ಬಳಿಯಲಿ. ಎಡಗಡೆಯದು ಅಪ್ಪಟ ಸ್ವಚ್ಛ. "ಅಲ್ಲಿ ಏನೂ ಇಲ್ಲ ಸಾರ್. ಬರೀ ಗಾಳಿ."

"ಏನೂ ಇಲ್ವಾ?" ಎಂದಳು ಅಕ್ಕ.

"ಇಲ್ಲ ಅಂದ್ನಲ್ಲೇ."

"ಖಂಡಿತ?"

"ಇಷ್ಟು ವರ್ಷ ಗಾಜು ಕೊಯ್ದಿದೀನಿ, ಬದನೆಕಾಯಿ ಕೊಯ್ದಿಲ್ಲ."

ಆಮೇಲೆ ಸಾರ್ ತಲೆದೂಗಿ, ನನಗೂ ಹಾಗೇ ಅನ್ನಿಸಿತು ಎಂದರು.

ಅಕ್ಕ ಹಗ್ಗ ಬಿಚ್ಚಿ ಅಜ್ಜಿಯನ್ನು ಎಡಪೆಟ್ಟಿಗೆಯ ಮುಂದೆ ಕರೆದುಕೊಂಡು ಹೋದಳು. ಅಜ್ಜಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡರು, ದರ್ಜಿಗಳು ಸೂಜಿಗೆ ದಾರ ಪೋಣಿಸುವಾಗ ಇಳಿಸಿಕೊಳ್ಳುವ ಹಾಗೆ. ಅಕ್ಕನ ಕೈಯಲ್ಲಿ ಅಜ್ಜಿಯ ಹೊದಿಕೆಯಿತ್ತು. ಅದನ್ನು ಅವಳು ಯಾವಾಗ ತೆಗೆದುಕೊಂಡಳೋ, ಎದೆಗವಚಿ ಹಿಡಿದಿದ್ದಳು. ಅಜ್ಜಿಯ ತುಟಿ ಆಡುತ್ತಿತ್ತು. ಸಾಲು ದಾಟಿ ಸಾಲು ಇಳಿಯುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಒಂದು ಕಡೆ ನಿಂತರು.

"ಇದೇ" ಎಂದರು. ತಲೆಯಾಡಿಸಿ, "ಎಷ್ಟು ಸೊಟ್ಟ ಹಾಕಿದೀನಿ. ಅಮ್ಮ ಬಿಚ್ಚಿಸ್ಲೇ ಇಲ್ಲ ನೋಡು" ಎಂದರು.

ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಗದರಿದರು: "ಅಲ್ಲಪ್ಪ, ಕಾಣ್ಲಿ ಅಂದೆ, ಹೀಗೆ ತೆರೆದಿಡಿ ಅಂದ್ನಾ? ಧೂಳು ಕೂರಲ್ವಾ? ಬಂದೋರೆಲ್ಲ ಹೀಗೆ ಬೆರಳು ಹಾಕಲ್ವಾ?" ಎನ್ನುತ್ತ, ಹೇಗೆಂದು ತೋರಿಸಲು ಎಡಗೈಯ ತೋರುಬೆರಳನ್ನು ತಮ್ಮ ಸಾಲಿನ ಕಡೆಗೆ ಚಾಚಿದರು.

ಟಕ್.

ಬೆರಳು ಗಾಳಿಗೆ ಬಡಿದು ನಿಂತಿತು. ಅಜ್ಜಿ ಬೆರಳು ನೋಡಿಕೊಂಡರು. ಇನ್ನೊಮ್ಮೆ, ಬಾಗಿಲು ತಟ್ಟುವ ಹಾಗೆ, ಟಕ್ ಟಕ್.

"ಗಾಜಿದೆ" ಎಂದರು. ಅಕ್ಕನ ಕೈಯಿಂದ ಹೊದಿಕೆ ಇಸಿದುಕೊಂಡು ತಮ್ಮ ಹೆಗಲಿಗೇ ಹೊದ್ದುಕೊಂಡರು. "ಇದೇ ಗಾಜು ಹಾಕು ಮಗಳೇ. ಕೋಟು ಇಲ್ಲೇ ಇರ್ಲಿ. ಮೊಳೆಗೆ ಬೇರೇನಾದ್ರೂ ಹಾಕ್ಕೋತೀನಿ."

ಭಾವ ಎಡಪೆಟ್ಟಿಗೆಯನ್ನು ನೋಡಿದರು, ಬಲಪೆಟ್ಟಿಗೆಯನ್ನು ನೋಡಿದರು. ಎರಡಕ್ಕೂ ಗಾಜು ಹಾಕಿ ತಮ್ಮನ್ನು ಮೂರ್ಖನನ್ನಾಗಿ ಮಾಡಿದ್ದೇವೆ ಎಂದು ಅವರ ಲೆಕ್ಕ ಹೊರಟಿದ್ದು ಮುಖದಲ್ಲೇ ಕಾಣುತ್ತಿತ್ತು. "ಇದೇನಿದು, ಎರಡಕ್ಕೂ ಹಾಕಿದೀರಾ? ಇವಳೂ ಸುಳ್ಳು ಹೇಳೋಕೆ ಶುರು ಮಾಡಿದ್ಲಾ?" ಎನ್ನುತ್ತ ಬಲಪೆಟ್ಟಿಗೆಯ ಹತ್ತಿರ ಹೋದರು. ಹೋದಮೇಲೆ ಅಲ್ಲಿ ಸ್ಟಿಕ್ಕರಿತ್ತು. ಸ್ಟಿಕ್ಕರ್ ಇದ್ದಮೇಲೆ ಇನ್ನೇನು, ಮಾತು ಅರ್ಧಕ್ಕೆ ನಿಂತಿತು, ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಎದ್ದು, ಉಗುರನ್ನು ಓರೆ ಮಾಡಿಕೊಂಡು, ಮೂಲೆಯನ್ನು ಎಬ್ಬಿಸಲು ಮುಂದೆ ಹೋಯಿತು.

ಹೋಯಿತು, ಹೋಗುತ್ತಲೇ ಇತ್ತು. ಬೆರಳಿನ ಹಿಂದೆ ಅಂಗೈ, ಅಂಗೈಯ ಹಿಂದೆ ಮಣಿಕಟ್ಟು, ಮೊಳಕೈ ಕೂಡ ಚೌಕಟ್ಟು ದಾಟಿತು. ದಾರ ಸದ್ದಿಲ್ಲದೆ ಹರಿಯಿತು. ಭಾವ ಮುಗ್ಗರಿಸಿ, ಇನ್ನೊಂದು ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದು ನಿಂತರು. ಕೈಯನ್ನು ಮೆಲ್ಲಗೆ ಹೊರಗೆಳೆದರು. ಹೆಬ್ಬೆರಳಿನ ತುದಿಯಲ್ಲಿ ಕಂಪನಿಯ ಸ್ಟಿಕ್ಕರ್ ನೀಟಾಗಿ ಅಂಟಿಕೊಂಡಿತ್ತು.

ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹೆಂಡತಿಯನ್ನು ನೋಡಿದರು. ಅವಳು ಮೀಟರಿನ ಮುಳ್ಳು ನೋಡುತ್ತಿದ್ದಳು.

"ಒಂದಕ್ಕೆ ಗಾಜಿದೆ, ಒಂದಕ್ಕಿಲ್ಲ ಅಂತ ಹೇಳಿದ್ದೆ ರೀ" ಎಂದಳು.

ಆಮೇಲೆ ಸಾರ್ ಭಾವನಿಗೆ, ಹಾಗಾದರೆ ಗಾಜು ತರಿಸಲು ಇವತ್ತೇ ಹೇಳಿಬಿಡಿ ಎಂದರು. ಅವರ ಬಾಯಿಂದ "ಇವತ್ತೇ" ಎಂಬ ಶಬ್ದ ಹೊರಬಿದ್ದದ್ದಕ್ಕೆ ನನಗೆ ನಗು ತಡೆಯಲಾಗಲಿಲ್ಲ, ಮೊದಲು ನಕ್ಕದ್ದು ನಾನೇ. ಆಮೇಲೆ ಅಜ್ಜಿ. ಆಮೇಲೆ ಅಕ್ಕ, ಬೆನ್ನು ತಿರುಗಿಸಿಕೊಂಡು. ಭಾವ ಇನ್ನೂ ಹೆಬ್ಬೆರಳನ್ನೇ ನೋಡುತ್ತಿದ್ದರು. ಮೀಸೆಯ ಒಂದು ತುದಿ ಅಲುಗಿತು. "ಹಸಿರು ಕಲೆತ ಹಾಗಿದೆ ಅಂದ್ನಲ್ಲೋ" ಎಂದರು ನನ್ನ ಕಡೆ. "ಗಾಳಿಗೆ! ಗಾಳಿಗೆ ಹಸಿರು ಅಂದೆ ನಾನು!" ಆಮೇಲೆ ಹೊಟ್ಟೆಯ ತಳದಿಂದ ಎದ್ದ ಆ ನಗು ನಾಲ್ಕೂ ಗೋಡೆಗೆ ಬಡಿದು, ಪರದೆ ದಾಟಿ, ಓಣಿ ದಾಟಿ, ಮುಂದಿನ ಸಭಾಂಗಣದಲ್ಲಿ ಅವರೇ ಕೂರಿಸಿದ ಮೂರು ದೊಡ್ಡ ಗಾಜುಗಳನ್ನು ನಡುಗಿಸಿತು. ನಾವೆಲ್ಲ ನಕ್ಕು ಸುಸ್ತಾಗಿ ಸುಮ್ಮನಾದಮೇಲೂ ಅವರು ಪೆಟ್ಟಿಗೆಯ ಮುಂದೆ ಕೂತು, ಸ್ಟಿಕ್ಕರಿದ್ದ ಹೆಬ್ಬೆರಳನ್ನು ಆ ಖಾಲಿ ಚೌಕಟ್ಟಿನೊಳಕ್ಕೆ ಹಾಕುತ್ತ, ಹೊರಗೆ ತೆಗೆಯುತ್ತ, ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಲೇ ಇದ್ದರು.